ಫಿಲಿಪ್ಪಿಯವರಿಗೆ ಬರೆದ ಪತ್ರಿಕೆಯಲ್ಲಿ ಸಂತೋಷವೂ ಆತ್ಮಾಭಿವೃದ್ಧಿಯೂ

ಕ್ರೈಸ್ತಧರ್ಮವು ತನ್ನ ಅನುಯಾಯಿಗಳಿಗೆ ವಿಧಿಸುವ ಕರ್ತವ್ಯಗಳಲ್ಲಿ ಸಂತೋಷವೂ ಒಂದೆಂಬುದು ಮೊದಲು ಕೇಳುವವರಿಗೆ ವಿಚಿತ್ರವಾಗಿ ತೋರಬಹುದು. ಸತ್ಯವನ್ನೇ ನುಡಿಯೆಂದು ಆಜ್ಞಾಪಿಸಬಹುದು, ಕಳಬೇಡವೆಂದು ನಿಷೇಧಿಸಬಹುದು, ಹಸಿದವನಿಗೆ ಅನ್ನವಿಡೆಂದು ವಿಧಿಸಬಹುದು. ಇವೆಲ್ಲ ಮನುಷ್ಯನ ಸಂಕಲ್ಪಕ್ಕೆ ಒಳಪಟ್ಟ ಕ್ರಿಯೆಗಳು. ಸಂತೋಷವಾದರೋ ಮನಸ್ಸಿನಲ್ಲಿ ತಾನಾಗಿ ಹುಟ್ಟುವ ಭಾವ. ಬಾ ಎಂದರೆ ಬಾರದು, ನಿಲ್ಲು ಎಂದರೆ ನಿಲ್ಲದು. ಹೀಗಿದ್ದರೂ ಹೊಸ ಒಡಂಬಡಿಕೆಯಲ್ಲಿ ಅದು ಹಾರೈಕೆಯ ರೂಪದಲ್ಲಿ ಮಾತ್ರವಲ್ಲದೆ ವಿಧಿಯ ರೂಪದಲ್ಲಿಯೂ ಕಾಣಿಸುತ್ತದೆ. ಈ ವಿಧಿಯ ಅರ್ಥವೇನು, ಅದಕ್ಕೂ ಆತ್ಮದ ಬೆಳವಣಿಗೆಗೂ ಇರುವ ಸಂಬಂಧವೆಂತಹುದು, ದುಃಖದಲ್ಲಿರುವವನು ಈ ವಿಧಿಯ ಮುಂದೆ ಹೇಗೆ ನಿಲ್ಲಬೇಕು ಎಂಬ ಮೂರು ಪ್ರಶ್ನೆಗಳನ್ನು ವಿಚಾರಿಸುವುದಕ್ಕೆ ಅಪೊಸ್ತಲನಾದ ಪೌಲನು ಫಿಲಿಪ್ಪಿಯ ಸಭೆಗೆ ಬರೆದ ಪತ್ರಿಕೆಗಿಂತ ತಕ್ಕ ಆಧಾರಗ್ರಂಥವು ದೊರೆಯಲಾರದು. ನಾಲ್ಕು ಅಧ್ಯಾಯಗಳ, ೧೦೪ ವಚನಗಳ ಈ ಚಿಕ್ಕ ಪತ್ರಿಕೆಯಲ್ಲಿ ಸಂತೋಷವಾಚಕಗಳಾದ ನಾಮಕ್ರಿಯಾಪದಗಳು ೧೬ ಸಾರಿ ಬಂದಿವೆ. ಬರೆದವನಾದರೋ ಬೇಡಿಹಾಕಿದ ಕೈಯವನು; ತನಗೆ ಬಿಡುಗಡೆಯೋ ಮರಣವೋ ಎಂಬುದನ್ನು ಅರಿಯದವನು.

೧. ಪತ್ರಿಕೆಯ ದೇಶಕಾಲಗಳು

ಫಿಲಿಪ್ಪಿಯು ಮಕೆದೋನ್ಯ ದೇಶದ ಪೂರ್ವಭಾಗದಲ್ಲಿದ್ದ ಪಟ್ಟಣ. ಮೊದಲು ಕ್ರೆನಿದೆಸ್ ಎಂಬ ಹೆಸರಿದ್ದ ಈ ಊರನ್ನು ಕ್ರಿ. ಪೂ. ೩೫೬ರಲ್ಲಿ ಅಲೆಕ್ಸಾಂಡರನ ತಂದೆಯಾದ ಎರಡನೆಯ ಫಿಲಿಪ್ಪನು ವಶಪಡಿಸಿಕೊಂಡು ತನ್ನ ಹೆಸರನ್ನಿಟ್ಟನು; ಸಮೀಪದ ಬೆಟ್ಟಗಳಲ್ಲಿದ್ದ ಚಿನ್ನದ ಗಣಿಗಳೇ ಅವನನ್ನು ಅಲ್ಲಿಗೆ ಸೆಳೆದವು. ಕ್ರಿ. ಪೂ. ೪೨ರಲ್ಲಿ ಜೂಲಿಯಸ್ ಸೀಸರನ ಕೊಲೆಗಾರರಾದ ಬ್ರೂಟಸ್ ಮತ್ತು ಕ್ಯಾಸಿಯಸ್ ಎಂಬವರನ್ನು ಆಂಟನಿಯೂ ಆಕ್ಟೇವಿಯನನೂ ಸೋಲಿಸಿದುದು ಈ ಊರಿನ ಬಯಲಿನಲ್ಲಿಯೇ. ತರುವಾಯ ಸೇವೆಯಿಂದ ನಿವೃತ್ತರಾದ ಸೈನಿಕರಿಗೆ ಇಲ್ಲಿ ಭೂಮಿಯನ್ನು ಹಂಚಲಾಗಿ, ಪಟ್ಟಣವು ರೋಮಿನ ವಸಾಹತೆಂಬ ಗೌರವಪದವಿಯನ್ನು ಪಡೆಯಿತು. ಆಡ್ರಿಯಾಟಿಕ್ ಸಮುದ್ರದಿಂದ ಪೂರ್ವಕ್ಕೆ ಹೋಗುವ ಎಗ್ನಾತಿಯ ಹೆದ್ದಾರಿಯು ಊರಿನ ಮಧ್ಯದಲ್ಲಿಯೇ ಹಾದುಹೋಗುತ್ತಿತ್ತು. ೧೯೧೪ರಲ್ಲಿ ಫ್ರೆಂಚ್ ವಿದ್ವಾಂಸರು ಇಲ್ಲಿ ಉತ್ಖನನವನ್ನು ಆರಂಭಿಸಿದರು. ಆ ಕಾಲದಿಂದ ಬೆಳಕಿಗೆ ಬಂದಿರುವ ಅವಶೇಷಗಳಲ್ಲಿ ಪೌಲನ ಹೆಸರಿನಲ್ಲಿ ಕಟ್ಟಿದ ನಾಲ್ಕನೆಯ ಶತಮಾನದ ಒಂದು ಪ್ರಾರ್ಥನಾಲಯದ ನೆಲವೂ, ಅದರ ಮೇಲಣ ಬಣ್ಣಗಲ್ಲಿನ ಬರಹವೂ ಸೇರಿವೆ.

ಪೌಲನು ಸುಮಾರು ಕ್ರಿ. ಶ. ೪೯-೫೦ರಲ್ಲಿ ಸೀಲನೇ ಮೊದಲಾದವರೊಡನೆ ಈ ಪಟ್ಟಣಕ್ಕೆ ಬಂದ ವೃತ್ತಾಂತವು ಅಪೊಸ್ತಲರ ಕೃತ್ಯಗಳ ೧೬ನೆಯ ಅಧ್ಯಾಯದಲ್ಲಿದೆ. ಹೊಳೆಯ ದಡದಲ್ಲಿ ಪ್ರಾರ್ಥನೆಗೆ ಕೂಡಿದ್ದ ಸ್ತ್ರೀಯರಲ್ಲಿ ಥುವತೈರದಿಂದ ಬಂದು ಧೂಮ್ರವರ್ಣದ ವಸ್ತ್ರಗಳನ್ನು ಮಾರುತ್ತಿದ್ದ ಲುದ್ಯಳೆಂಬವಳು ಮೊದಲು ನಂಬಿದಳು. ಅವಳ ಮನೆಯೇ ಸಭೆಗೆ ನೆಲೆಯಾಯಿತು. ಕಣಿಹೇಳಿ ತನ್ನ ಒಡೆಯರಿಗೆ ಹಣ ಗಳಿಸಿಕೊಡುತ್ತಿದ್ದ ಒಬ್ಬ ದಾಸಿಯು ಪೌಲನಿಂದ ಸ್ವಸ್ಥಳಾದಾಗ, ಲಾಭವನ್ನು ಕಳೆದುಕೊಂಡ ಒಡೆಯರು ದೂರಿತ್ತರು. ಪೌಲಸೀಲರನ್ನು ಬೆತ್ತಗಳಿಂದ ಹೊಡೆಸಿ, ಒಳಸೆರೆಗೆ ತಳ್ಳಿ, ಕಾಲುಗಳನ್ನು ಕೊರಡುಗಳಿಗೆ ಬಿಗಿಸಿದರು. ನಡುರಾತ್ರಿಯಲ್ಲಿ ಅವರಿಬ್ಬರೂ ದೇವರನ್ನು ಹಾಡಿ ಸ್ತುತಿಸುತ್ತಿದ್ದರು. ಇತರ ಕೈದಿಗಳು ಕಿವಿಗೊಟ್ಟು ಕೇಳುತ್ತಿದ್ದರು. ಭೂಕಂಪವಾಗಿ ಕದಗಳು ತೆರೆದವು; ಆತ್ಮಹತ್ಯಕ್ಕೆ ಸಿದ್ಧನಾಗಿದ್ದ ಸೆರೆಯ ಯಜಮಾನನು ಬದುಕಿಕೊಂಡು, ಮನೆಯವರೊಡನೆ ದೀಕ್ಷಾಸ್ನಾನವನ್ನು ಪಡೆದನು.

ಈ ಕಥೆಯನ್ನು ಇಲ್ಲಿ ಸ್ಮರಿಸುವುದಕ್ಕೆ ಕಾರಣವುಂಟು. ವರ್ಷಗಳ ಮೇಲೆ ಮತ್ತೊಂದು ಸೆರೆಯಿಂದ ಅದೇ ಪೌಲನು ಸಂತೋಷಿಸಿರೆಂದು ಬರೆದ ಓಲೆಯು ಸಭೆಯಲ್ಲಿ ಓದಲ್ಪಟ್ಟಾಗ, ಫಿಲಿಪ್ಪಿಯವರಿಗೆ ಅದು ಕೇವಲ ಬೋಧನೆಯಾಗಿ ತೋರಿರಲಾರದು. ತಮ್ಮ ಊರಿನಲ್ಲಿಯೇ ನಡೆದ ಸಂಗತಿಯ ನೆನಪಾಗಿ ತೋರಿರಬೇಕು. ಉಪದೇಶಕ್ಕೆ ಮೊದಲು ದೃಷ್ಟಾಂತವು ಬಂದಿದ್ದಿತು.

ಪತ್ರಿಕೆಯು ಯಾವ ಸೆರೆಯಿಂದ ಹೊರಟಿತೆಂಬುದರಲ್ಲಿ ವಿದ್ವಾಂಸರಿಗೆ ಏಕಾಭಿಪ್ರಾಯವಿಲ್ಲ. ಅರಮನೆಯ ಕಾವಲುದಂಡಿನ ಮಾತೂ (೧: ೧೩) ಕೈಸರನ ಮನೆಯವರ ವಂದನೆಯೂ (೪: ೨೨) ಇರುವುದರಿಂದ ರೋಮಾಪುರದಲ್ಲಿ ಸುಮಾರು ಕ್ರಿ. ಶ. ೬೦-೬೨ರಲ್ಲಿ ಬರೆದುದೆಂಬುದು ಪ್ರಾಚೀನ ಸಂಪ್ರದಾಯ. ಆದರೆ ಪೌಲನು ಸೆರೆಯಾದ ಸುದ್ದಿ ಫಿಲಿಪ್ಪಿಗೆ ಮುಟ್ಟಿ, ಅಲ್ಲಿಂದ ಎಪಫ್ರೊದೀತನು ಸಹಾಯದ್ರವ್ಯವನ್ನು ತಂದು, ಅವನು ರೋಗದಿಂದ ಬಿದ್ದ ವಾರ್ತೆ ಊರಿಗೆ ಹೋಗಿ, ಊರವರು ಕಳವಳಪಟ್ಟ ಸಂಗತಿ ಮರಳಿ ಬಂದಿರುವುದನ್ನು ಪತ್ರಿಕೆಯೇ ಸೂಚಿಸುತ್ತದೆ. ಇಷ್ಟು ಪ್ರಯಾಣಗಳಿಗೆ ರೋಮಾಪುರವು ಬಹುದೂರವೆಂದು ಕೆಲವರು ಎಫೆಸವನ್ನೂ, ಎರಡು ವರ್ಷದ ಸೆರೆವಾಸವನ್ನು ಎಣಿಸಿ ಬೇರೆ ಕೆಲವರು ಕೈಸರೈಯವನ್ನೂ ಸೂಚಿಸಿದ್ದಾರೆ. ಮೂರನೆಯ ಅಧ್ಯಾಯದಲ್ಲಿ ಧಾಟಿಯು ಹಠಾತ್ತಾಗಿ ತಿರುಗುವುದನ್ನು ನೋಡಿ, ಇದು ಎರಡು ಮೂರು ಓಲೆಗಳ ಜೋಡಣೆಯೆಂದು ಊಹಿಸುವವರೂ ಉಂಟು. ಪೌಲನು ಫಿಲಿಪ್ಪಿಯವರಿಗೆ ಬರೆದ ಪತ್ರಗಳನ್ನು ಸ್ಮುರ್ನದ ಪೊಲಿಕಾರ್ಪನು ಎರಡನೆಯ ಶತಮಾನದಲ್ಲಿ ಬಹುವಚನದಲ್ಲಿ ಹೇಳಿರುವುದು ಅವರಿಗೆ ಒಂದು ಆಸರೆ. ಈ ವಾದಗಳಲ್ಲಿ ಯಾವುದು ಗೆದ್ದರೂ ಪ್ರಕೃತ ವಿಷಯಕ್ಕೆ ಬಾಧಕವಿಲ್ಲ. ಬರೆದವನು ಬಂಧನದಲ್ಲಿದ್ದನೆಂಬುದೂ, ಅಂದಿನ ಸೆರೆಯಲ್ಲಿದ್ದವನು ಅನ್ನವಸ್ತ್ರಗಳಿಗೆ ಬಹುಮಟ್ಟಿಗೆ ಹೊರಗಿನ ಮಿತ್ರರನ್ನೇ ನಂಬಬೇಕಾಗಿತ್ತೆಂಬುದೂ ನಿರ್ವಿವಾದ.

೨. ಶಬ್ದವಿಚಾರ

ಪತ್ರಿಕೆಯಲ್ಲಿ ಸಂತೋಷಕ್ಕೆ ಬಳಸಿರುವ ಗ್ರೀಕ್ ನಾಮಪದವು 'ಖಾರಾ.' ಕೃಪೆಗೆ ಹೇಳುವ 'ಖಾರಿಸ್,' ಕೃತಜ್ಞತಾಸ್ತುತಿಗೆ ಹೇಳುವ 'ಯೂಖರಿಸ್ತಿಯ' ಎಂಬ ಪದಗಳು ಇದೇ ಕುಲಕ್ಕೆ ಸೇರಿದವು. ಆ ಕಾಲದ ಗ್ರೀಕರು ಕಾಗದದ ಆರಂಭದಲ್ಲಿ 'ಖಾಯ್ರೇನ್' ಎಂದು, ಅಂದರೆ ಸಂತೋಷವಾಗಿರಲೆಂದು, ಬರೆಯುವುದು ವಾಡಿಕೆ. ಪೌಲನು ಆ ಸ್ಥಾನದಲ್ಲಿ 'ಖಾರಿಸ್' ಎಂದು ಬರೆದು ಶಾಂತಿಯೆಂಬ ಯೆಹೂದ್ಯರ ವಂದನೆಯನ್ನು ಅದಕ್ಕೆ ಕೂಡಿಸುತ್ತಾನೆ. ಕೃಪೆಯು ಕೊಡಲ್ಪಡುವುದು, ಕೃತಜ್ಞತೆಯು ಹಿಂದಿರುಗುವುದು, ಸಂತೋಷವು ಇವೆರಡರ ನಡುವೆ ನೆಲೆಗೊಳ್ಳುವುದು ಎಂಬ ಕ್ರಮವನ್ನು ಈ ಮೂರು ಪದಗಳ ಬಂಧುತ್ವವೇ ತೋರಿಸಿಕೊಡುತ್ತದೆ. ಸಂತೋಷಿಸಿರಿ ಎಂಬ ವಿಧಿರೂಪವನ್ನು ಬೀಳ್ಕೊಡುವ ಮಾತೆಂದು ತಿಳಿದು ಅನುವಾದಿಸಿದವರೂ ಉಂಟು. ಆದರೆ ನಾಲ್ಕನೆಯ ಅಧ್ಯಾಯದಲ್ಲಿ ಯಾವಾಗಲೂ ಎಂಬ ವಿಶೇಷಣವು ಅದಕ್ಕೆ ಸೇರಿರುವುದರಿಂದ ಆ ಅರ್ಥವು ಹೊಂದದು, ಯಾವಾಗಲೂ ಬೀಳ್ಕೊಡುವುದೆಂಬುದಿಲ್ಲವಷ್ಟೆ.

ಕನ್ನಡದಲ್ಲಿ ಓದುವವನಿಗೆ ಇಲ್ಲಿ ಒಂದು ವಿಶೇಷ ಲಾಭವೂ ಒಂದು ತೊಡಕೂ ಇವೆ. ಸಂಸ್ಕೃತದ 'ಸಂತೋಷ' ಶಬ್ದವು ತುಷ್ಟಿಯನ್ನು ಹೇಳುವ ಧಾತುವಿನಿಂದ ಹುಟ್ಟಿದುದು. ಪತಂಜಲಿಯ ಯೋಗಸೂತ್ರಗಳಲ್ಲಿ ಅದು ನಿಯಮಗಳಲ್ಲೊಂದಾಗಿ ಎಣಿಸಲ್ಪಟ್ಟು, ಇದ್ದುದರಲ್ಲಿ ತೃಪ್ತಿ ಎಂಬ ಅರ್ಥವನ್ನು ಕೊಡುತ್ತದೆ. ಕನ್ನಡದ ಬಳಕೆಯಲ್ಲಿ ಅದೇ ಶಬ್ದವು ಹರ್ಷವೆಂಬ ಅರ್ಥಕ್ಕೆ ಹೊರಳಿದೆ. ಪೌಲನು ಒಂದು ಕಡೆ ಹರ್ಷವನ್ನೂ (ಖಾರಾ) ಇನ್ನೊಂದು ಕಡೆ ತೃಪ್ತಿಯನ್ನೂ (೪: ೧೧ರ 'ಔತಾರ್ಕೆಸ್') ಬೇರೆ ಬೇರೆ ಪದಗಳಿಂದ ಹೇಳಿದರೆ, ಕನ್ನಡದ ಒಂದೇ ಪದವು ಎರಡನ್ನೂ ತನ್ನಲ್ಲಿ ಅಡಗಿಸಿಕೊಂಡಿದೆ. ಇನ್ನು 'ಆನಂದ'ವೆಂದರೆ ತೈತ್ತಿರೀಯೋಪನಿಷತ್ತಿನ ಆನಂದವಲ್ಲಿಯ ನೆನಪು ಬರುತ್ತದೆ. ಅಲ್ಲಿ ಆನಂದವು ಬ್ರಹ್ಮದ ಸ್ವರೂಪವೇ ಆಗಿ ನಿರೂಪಿತವಾಗಿದೆ. ಪೌಲನ ಸಂತೋಷವು ಸ್ವರೂಪವಾಚಕವಲ್ಲ, ಸಂಬಂಧವಾಚಕ. ಅವನು ಬರಿದೆ ಸಂತೋಷಿಸಿರೆನ್ನದೆ ಕರ್ತನಲ್ಲಿ ಎಂಬ ಮಾತನ್ನು ಸೇರಿಸುತ್ತಾನೆ (೩: ೧, ೪: ೪, ೪: ೧೦). ಆದಕಾರಣ ಕನ್ನಡ ಬೈಬಲಿನಲ್ಲಿ 'ಸಂತೋಷ'ವೆಂಬ ಪದವೇ ನಿಂತಿರುವುದು ಯುಕ್ತವೆಂದು ತೋರುತ್ತದೆ.

ಆತ್ಮಾಭಿವೃದ್ಧಿಗೆ ಪತ್ರಿಕೆಯಲ್ಲಿರುವ ಪದವು 'ಪ್ರೊಕೊಪೆ,' ಅಂದರೆ ಮುನ್ನಡೆ. ಹೊಸ ಒಡಂಬಡಿಕೆಯಲ್ಲಿ ಇದು ಮೂರೇ ಕಡೆ ಬರುತ್ತದೆ; ಅವುಗಳಲ್ಲಿ ಎರಡು ಈ ಪತ್ರಿಕೆಯವು. ತನ್ನ ಬಂಧನದಿಂದ ಸುವಾರ್ತೆಗೆ ಮುನ್ನಡೆಯಾಯಿತೆಂದು ಮೊದಲು ಹೇಳಿ (೧: ೧೨), ತಾನು ಬದುಕಿ ಉಳಿಯುವುದು ಫಿಲಿಪ್ಪಿಯವರ ನಂಬಿಕೆಯ ಮುನ್ನಡೆಗೂ ಸಂತೋಷಕ್ಕೂ ಆಗಿಯೇ ಎಂದು ತರುವಾಯ ಹೇಳುತ್ತಾನೆ (೧: ೨೫). ಗ್ರೀಕ್ ಮೂಲದಲ್ಲಿ ಈ ಎರಡಕ್ಕೂ ಸೇರಿ ಒಂದೇ ನಿರ್ದೇಶಕಪದವಿದೆ. ಮುನ್ನಡೆಯೂ ಸಂತೋಷವೂ ಒಂದೇ ವಸ್ತುವಿನ ಎರಡು ಮುಖಗಳಂತೆ ಹೇಳಲ್ಪಟ್ಟಿವೆ. ಬೆಳೆಯದ ಸಂತೋಷವೂ, ಸಂತೋಷವಿಲ್ಲದ ಬೆಳವಣಿಗೆಯೂ ಪೌಲನ ಎಣಿಕೆಯಲ್ಲಿಲ್ಲ.

೩. ಸ್ತೋಯಿಕರ ಮತವೂ ಪೌಲನ ಮತವೂ

ಸಂತೋಷ, ಮುನ್ನಡೆ, ಸ್ವಯಂತೃಪ್ತಿ ಎಂಬ ಈ ಮೂರು ಪದಗಳೂ ಅಂದಿನ ಸ್ತೋಯಿಕ ತತ್ತ್ವಜ್ಞರ ಪಾರಿಭಾಷಿಕಗಳೆಂಬುದು ಗಮನಾರ್ಹ. ಆ ಮತದವರು ಮನೋವಿಕಾರಗಳನ್ನು ರೋಗವೆಂದು ತ್ಯಜಿಸಿದರೂ, ಜ್ಞಾನಿಗೆ ಮೂರು ಸದ್ಭಾವಗಳುಂಟೆಂದು ಒಪ್ಪಿದ್ದರು: ಸಂತೋಷ, ಎಚ್ಚರಿಕೆ, ಸದಿಚ್ಛೆ. ವಿಷಯಸುಖಕ್ಕೆ 'ಹೇಡೊನೆ' ಎಂದೂ ಜ್ಞಾನಿಯ ಉಲ್ಲಾಸಕ್ಕೆ 'ಖಾರಾ' ಎಂದೂ ಅವರು ಭೇದವನ್ನು ಮಾಡಿದರು. ಪೌಲನ ಸಮಕಾಲೀನನಾಗಿ ಕ್ರಿ. ಶ. ೬೫ರಲ್ಲಿ ಮಡಿದ ಸೆನೆಕನು ತನ್ನ ಮಿತ್ರ ಲೂಸಿಲಿಯಸನಿಗೆ ಬರೆದ ಪತ್ರಗಳಲ್ಲಿ, ನಿಜವಾದ ಸಂತೋಷವು ನಗೆಚಾಟಿಕೆಯಲ್ಲ, ಗಂಭೀರವಾದುದು, ಹೊರಗಣ ಭಾಗ್ಯಕ್ಕೆ ಸಿಕ್ಕದೆ ಒಳಗಿನಿಂದಲೇ ಹುಟ್ಟತಕ್ಕದ್ದು ಎಂದು ಉಪದೇಶಿಸಿದನು. ಇಷ್ಟರಮಟ್ಟಿಗೆ ಇಬ್ಬರೂ ಒಂದೇ ದಾರಿಯವರಂತೆ ಕಾಣುತ್ತಾರೆ.

ಭೇದವು ದುಃಖದ ವಿಷಯದಲ್ಲಿ ಹೊರಪಡುತ್ತದೆ. ಸ್ತೋಯಿಕರು ಆಶೆ, ಭಯ, ಸುಖ, ದುಃಖ ಎಂಬ ನಾಲ್ಕು ವಿಕಾರಗಳಲ್ಲಿ ಮೊದಲ ಮೂರಕ್ಕೆ ಪ್ರತಿಯಾಗಿ ಸದ್ಭಾವಗಳನ್ನು ಹೇಳಿದರು; ನಾಲ್ಕನೆಯದಾದ ದುಃಖಕ್ಕೆ ಪ್ರತಿಯಾದುದನ್ನು ಹೇಳಲಿಲ್ಲ. ಜ್ಞಾನಿಗೆ ದುಃಖಕ್ಕೆ ಎಡೆಯೇ ಇಲ್ಲವೆಂಬುದು ಅವರ ಸಿದ್ಧಾಂತ. ಪೌಲನಾದರೋ ಸಂತೋಷದ ಪತ್ರಿಕೆಯಲ್ಲಿಯೇ ತನ್ನ ದುಃಖವನ್ನು ಮುಚ್ಚಿಡುವುದಿಲ್ಲ. ಎಪಫ್ರೊದೀತನು ಸತ್ತಿದ್ದರೆ ತನಗೆ ದುಃಖದ ಮೇಲೆ ದುಃಖವಾಗುತ್ತಿತ್ತೆಂದು ಒಪ್ಪಿಕೊಳ್ಳುತ್ತಾನೆ (೨: ೨೭), ಅವನನ್ನು ಕಳುಹಿಸಿಕೊಟ್ಟರೆ ತನ್ನ ದುಃಖವು ಕಡಮೆಯಾಗುವುದೆನ್ನುತ್ತಾನೆ, ಇಲ್ಲದಾಗುವುದೆನ್ನುವುದಿಲ್ಲ (೨: ೨೮). ದಾರಿತಪ್ಪಿದವರ ವಿಚಾರವಾಗಿ ಬರೆಯುವಾಗ ಅಳುತ್ತ ಹೇಳುತ್ತೇನೆನ್ನುತ್ತಾನೆ (೩: ೧೮). ಸ್ತೋಯಿಕನ ಸಂತೋಷವು ದುಃಖವನ್ನು ಹೊರದೂಡಿದ ಕೋಟೆ. ಪೌಲನದು ದುಃಖವನ್ನೂ ಒಳಕ್ಕೆ ಕರೆದು ಕುಳ್ಳಿರಿಸಿಕೊಂಡ ಮನೆ. ಪ್ರೀತಿಸುವವನು ಕಳೆದುಕೊಳ್ಳುವ ಭಯವನ್ನು ಹೊತ್ತೇ ಪ್ರೀತಿಸಬೇಕು. ಆ ಭಯವನ್ನು ಬಿಡಿಸಿಕೊಳ್ಳುವುದಕ್ಕೆ ಪ್ರೀತಿಯನ್ನೇ ಕಿರಿದು ಮಾಡಿಕೊಳ್ಳುವ ಉಪಾಯವನ್ನು ಅವನು ಹಿಡಿಯಲಿಲ್ಲ.

ಸ್ವಯಂತೃಪ್ತಿಯ ಪದದಲ್ಲಿಯೂ ಇದೇ ವ್ಯತ್ಯಾಸ. ಕೊರತೆಯಲ್ಲಿಯೂ ಸಮೃದ್ಧಿಯಲ್ಲಿಯೂ ತೃಪ್ತನಾಗಿರುವುದನ್ನು ತಾನು ಕಲಿತಿರುವೆನೆಂದು ಹೇಳಿ (೪: ೧೧-೧೨), ಒಡನೆಯೇ ಆ ಶಕ್ತಿಯು ತನ್ನದಲ್ಲ, ತನ್ನನ್ನು ಬಲಪಡಿಸುವಾತನದು ಎಂದು ಸೇರಿಸುತ್ತಾನೆ (೪: ೧೩). ಅಷ್ಟೇ ಅಲ್ಲದೆ, ನೀವು ನನ್ನ ಸಂಕಟದಲ್ಲಿ ಭಾಗಿಗಳಾದದ್ದು ಒಳ್ಳೆಯದಾಯಿತೆಂದು ಫಿಲಿಪ್ಪಿಯವರಿಗೆ ಉಪಕಾರಸ್ಮರಣೆಯನ್ನೂ ಮಾಡುತ್ತಾನೆ (೪: ೧೪). ಯಾರ ಹಂಗೂ ಇಲ್ಲದವನೆಂಬ ಹೆಮ್ಮೆಗೆ ಅಲ್ಲಿ ಎಡೆಯಿಲ್ಲ.

೪. ಸಂತೋಷದ ಮೂಲಗಳು

ಹಾಗಾದರೆ ಈ ಸಂತೋಷವು ಯಾವುದರಿಂದ ಹುಟ್ಟುತ್ತದೆ? ಪತ್ರಿಕೆಯನ್ನು ಕ್ರಮವಾಗಿ ಓದಿದರೆ ಎರಡು ಮೂಲಗಳು ಸ್ಪಷ್ಟವಾಗಿ ಕಾಣುತ್ತವೆ.

ಮೊದಲನೆಯದು ಭಾಗಿತ್ವ. 'ಕೊಯ್ನೊನಿಯ' ಎಂಬ ಗ್ರೀಕ್ ಪದವು ಪಾಲುಗಾರಿಕೆಯೆಂಬ ವ್ಯವಹಾರದ ಅರ್ಥವನ್ನೂ ಅನ್ಯೋನ್ಯತೆಯೆಂಬ ಅರ್ಥವನ್ನೂ ಒಳಗೊಂಡಿದೆ. ಮೊದಲ ದಿನದಿಂದ ಸುವಾರ್ತೆಯಲ್ಲಿ ಇವರು ಪಾಲುಗಾರರಾಗಿದ್ದುದೇ ಪೌಲನ ಸಂತೋಷಪೂರ್ವಕವಾದ ಪ್ರಾರ್ಥನೆಗೆ ಕಾರಣವೆಂದು ಪತ್ರಿಕೆಯ ಆರಂಭದಲ್ಲಿಯೇ ಇದೆ (೧: ೪-೫). ಥೆಸಲೋನಿಕದಲ್ಲಿದ್ದಾಗಲೂ ಇವರು ಒಂದೆರಡು ಸಾರಿ ಅವನ ಕೊರತೆಗೆ ಕಳುಹಿಸಿದ್ದರು. ಆ ಕಾಣಿಕೆಯನ್ನು ಹೇಳುವಾಗ ಪೌಲನು ವರ್ತಕರ ಜಮಾಖರ್ಚಿನ ಮಾತುಗಳನ್ನೇ ಬಳಸುತ್ತಾನೆ: ಕೊಡುವ ಕೊಳ್ಳುವ ಲೆಕ್ಕ, ಲೆಕ್ಕಕ್ಕೆ ಸೇರುವ ಹುಟ್ಟುವಳಿ, ಎಲ್ಲವೂ ಸಂದಿತೆಂಬ ರಸೀದಿ (೪: ೧೫-೧೮). ಈ ಕೊನೆಯ ಪದವಾದ 'ಅಪೆಖೊ' ಎಂಬುದು ಹಣ ಸಂದಾಯವಾದುದಕ್ಕೆ ಬರೆಯುತ್ತಿದ್ದ ಮಾತೆಂಬುದನ್ನು ಈಜಿಪ್ಟಿನ ಮರಳಿನಲ್ಲಿ ಸಿಕ್ಕಿದ ಕಾಗದಪತ್ರಗಳಿಂದ ಜರ್ಮನ್ ವಿದ್ವಾಂಸ ಡೈಸ್ಮನ್ನನು ತೋರಿಸಿಕೊಟ್ಟನು. ಬಳಿಕ ಒಂದೇ ವಾಕ್ಯದಲ್ಲಿ ಆ ರಸೀದಿಯು ಯಜ್ಞದ ಸುವಾಸನೆಯಾಗಿ ಮಾರ್ಪಡುತ್ತದೆ. ಲೌಕಿಕವಾದ ಸಹಾಯವೂ ಪಾರಮಾರ್ಥಿಕವಾದ ಆರಾಧನೆಯೂ ಒಂದೇ ಹಾಳೆಯಲ್ಲಿ ಬರೆಯಲ್ಪಟ್ಟಿವೆ.

ಎರಡನೆಯದು ತನ್ನನ್ನು ತಗ್ಗಿಸಿಕೊಳ್ಳುವುದು. ಎರಡನೆಯ ಅಧ್ಯಾಯದ ಆರಂಭದಲ್ಲಿ ಪೌಲನು ತನ್ನ ಸಂತೋಷವನ್ನು ಪೂರ್ಣಮಾಡಿರೆಂದು ಬೇಡಿಕೊಂಡು, ಅದರ ಉಪಾಯವನ್ನು ಹೇಳುತ್ತಾನೆ: ಏಕಮನಸ್ಸು, ದೀನಭಾವ, ಪರರ ಹಿತಚಿಂತನೆ. ಅಲ್ಲಿಂದ ಮುಂದಕ್ಕೆ ಕ್ರಿಸ್ತನ ವಿಚಾರವಾದ ಪ್ರಸಿದ್ಧ ಭಾಗವು ಬರುತ್ತದೆ (೨: ೫-೧೧); ಇದು ಪೌಲನಿಗಿಂತ ಮೊದಲೇ ಸಭೆಗಳಲ್ಲಿ ಹಾಡುತ್ತಿದ್ದ ಸ್ತೋತ್ರವೆಂದು ಅನೇಕ ವಿದ್ವಾಂಸರ ಅಭಿಪ್ರಾಯ. ದೇವಸ್ವರೂಪನಾಗಿದ್ದವನು ಅದನ್ನು ಬಿಗಿಹಿಡಿಯದೆ ತನ್ನನ್ನು ಬರಿದುಮಾಡಿಕೊಂಡು, ದಾಸನ ರೂಪವನ್ನು ಧರಿಸಿ, ಶಿಲುಬೆಯ ಮರಣದವರೆಗೂ ವಿಧೇಯನಾದನೆಂಬುದೂ, ಆ ಕಾರಣದಿಂದಲೇ ಅತ್ಯುನ್ನತನಾದನೆಂಬುದೂ ಅದರ ತಾತ್ಪರ್ಯ. 'ಕೆನೋಸಿಸ್' ಎಂದು ದೇವಶಾಸ್ತ್ರಜ್ಞರು ಕರೆಯುವ ಈ ತತ್ತ್ವವು ಇಲ್ಲಿ ವಾದಕ್ಕಾಗಿ ಬಂದುದಲ್ಲ, ನಡತೆಗಾಗಿ ಬಂದುದು. ಯುವೊದ್ಯ, ಸಂತುಕೆ ಎಂಬ ಇಬ್ಬರು ಸ್ತ್ರೀಯರು ಸಭೆಯಲ್ಲಿ ಭಿನ್ನಮನಸ್ಕರಾಗಿದ್ದರು (೪: ೨). ಇಬ್ಬರೂ ಸುವಾರ್ತೆಗಾಗಿ ಪೌಲನೊಡನೆ ಹೋರಾಡಿದವರು; ಇಬ್ಬರನ್ನೂ ಹೆಸರು ಹಿಡಿದು, ಇಬ್ಬರಿಗೂ ಬೇಡಿಕೊಳ್ಳುತ್ತೇನೆಂಬ ಮಾತನ್ನು ಬೇರೆಬೇರೆಯಾಗಿ ಬರೆದು, ಯಾರ ಪಕ್ಷವನ್ನೂ ವಹಿಸದೆ ಅವನು ಸಮಾಧಾನವನ್ನು ಕೋರುತ್ತಾನೆ. ಯಾವಾಗಲೂ ಸಂತೋಷಿಸಿರೆಂಬ ವಿಧಿಯು ಬರುವುದು ಇದರ ಮರುಗಳಿಗೆಯಲ್ಲಿಯೇ (೪: ೪). ಮನಸ್ತಾಪವಿರುವ ಮನೆಯಲ್ಲಿ ಸಂತೋಷವನ್ನು ಅಪೇಕ್ಷಿಸುವವನು ಮೊದಲು ತಾನು ಒಂದು ಮೆಟ್ಟಲು ಕೆಳಗಿಳಿಯಬೇಕೆಂಬುದು ಈ ಕ್ರಮದಿಂದ ತಿಳಿಯತಕ್ಕ ಅರ್ಥ.

ತನ್ನ ವಿಷಯದಲ್ಲಿಯೂ ಪೌಲನು ಈ ನಿಯಮವನ್ನೇ ಅನುಸರಿಸುತ್ತಾನೆ. ಅವನು ಸೆರೆಯಲ್ಲಿರುವ ಸಮಯವನ್ನೇ ಸಾಧಿಸಿ, ಅಸೂಯೆಯಿಂದ, ಅವನ ಸಂಕಟವನ್ನು ಹೆಚ್ಚಿಸಬೇಕೆಂದೇ ಕೆಲವರು ಸುವಾರ್ತೆಯನ್ನು ಸಾರುತ್ತಿದ್ದರು. ಹೇಗಾದರೂ ಕ್ರಿಸ್ತನು ಪ್ರಸಿದ್ಧನಾಗುತ್ತಾನಷ್ಟೆ ಎಂದು ಅವನು ಅದಕ್ಕೂ ಸಂತೋಷಪಡುತ್ತಾನೆ (೧: ೧೫-೧೮). ಹೆಸರು ತನ್ನದಾಗಬೇಕೆಂಬ ಹಟವು ಹೋದಾಗ, ಪ್ರತಿಸ್ಪರ್ಧಿಯ ಜಯವೂ ಸಂತೋಷಕ್ಕೆ ಕಾರಣವಾಗಬಲ್ಲುದು.

೫. ಮುನ್ನಡೆಯ ಮೂರು ಉಪಮೆಗಳು

ಆತ್ಮದ ಬೆಳವಣಿಗೆಯನ್ನು ಪತ್ರಿಕೆಯು ಮೂರು ಉಪಮೆಗಳಿಂದ ವಿವರಿಸುತ್ತದೆ: ಲೆಕ್ಕ, ಓಟ, ಕಲಿಕೆ.

ಲೆಕ್ಕವೆಂಬುದು ಮೂರನೆಯ ಅಧ್ಯಾಯದ್ದು. ಬೆನ್ಯಾಮೀನನ ಕುಲ, ಫರಿಸಾಯರ ಪಂಥ, ಧರ್ಮಶಾಸ್ತ್ರದಲ್ಲಿ ನಿರ್ದೋಷವಾದ ನಡತೆ—ಇವುಗಳನ್ನು ಪೌಲನು ಒಂದೊಂದಾಗಿ ಎಣಿಸಿ, ಲಾಭದ ಕಡೆಗಿದ್ದ ಇವನ್ನೆಲ್ಲ ನಷ್ಟದ ಕಡೆಗೆ ಬರೆಯುತ್ತಾನೆ. ಇಲ್ಲಿ ಗಮನಿಸತಕ್ಕದ್ದೇನೆಂದರೆ, ಅವನು ಬಿಟ್ಟುದು ಪಾಪಗಳನ್ನಲ್ಲ, ಪುಣ್ಯಗಳ ಹೆಮ್ಮೆಯನ್ನು. ಕೆಟ್ಟುದನ್ನು ಬಿಡುವುದು ಬೆಳವಣಿಗೆಯ ಮೊದಲ ಮೆಟ್ಟಲು. ಒಳ್ಳೆಯದನ್ನು ತನ್ನ ಆಸ್ತಿಯೆಂದು ಎಣಿಸುವುದನ್ನು ಬಿಡುವುದು ಅದಕ್ಕೂ ಕಠಿನವಾದುದು.

ಓಟದ ಉಪಮೆಯು ಅದರ ಬೆನ್ನಲ್ಲೇ ಬರುತ್ತದೆ. ತಾನಿನ್ನೂ ಗುರಿಯನ್ನು ಮುಟ್ಟಿದವನಲ್ಲ, ಸಿದ್ಧಿಗೆ ಬಂದವನಲ್ಲ, ಹಿಂದಿನದನ್ನು ಮರೆತು ಮುಂದಿನದಕ್ಕೆ ಮೈಚಾಚಿ ಓಡುತ್ತಿರುವವನು ಎನ್ನುತ್ತಾನೆ (೩: ೧೨-೧೪). ಮೈಚಾಚುವುದೆಂಬ ಈ ಕ್ರಿಯಾಪದವನ್ನು ಹಿಡಿದು ನಾಲ್ಕನೆಯ ಶತಮಾನದಲ್ಲಿ ಕಪ್ಪದೋಕ್ಯದ ನುಸ್ಸದ ಗ್ರೆಗೊರಿಯು 'ಎಪೆಕ್ತಾಸಿಸ್' ಎಂಬ ಸಿದ್ಧಾಂತವನ್ನು ಬೆಳೆಸಿದನು. ದೇವರು ಅನಂತನಾದುದರಿಂದ ಆತನ ಕಡೆಗಿನ ನಡಿಗೆಗೆ ಕೊನೆಯಿಲ್ಲ. ಪ್ರತಿಯೊಂದು ಪ್ರಾಪ್ತಿಯೂ ಹೊಸ ಬಯಕೆಯನ್ನು ಹುಟ್ಟಿಸುತ್ತದೆ. ನಿಲ್ಲದ ಬೆಳವಣಿಗೆಯೇ ಮನುಷ್ಯನ ಪರಿಪೂರ್ಣತೆ ಎಂಬುದು ಮೋಶೆಯ ಜೀವನವನ್ನು ಕುರಿತ ಅವನ ಗ್ರಂಥದ ಸಾರ. ಬಯಕೆಯು ತೀರಿದರೆ ಸಂತೋಷವೆಂಬುದು ಲೋಕರೂಢಿ; ಬಯಕೆಯು ಬೆಳೆದಂತೆ ಸಂತೋಷವೂ ಬೆಳೆಯುವುದೆಂಬುದು ಗ್ರೆಗೊರಿಯ ಮತ.

ಕಲಿಕೆಯೆಂಬುದು ನಾಲ್ಕನೆಯ ಅಧ್ಯಾಯದ್ದು. ತೃಪ್ತಿಯು ತನಗೆ ಹುಟ್ಟುಗುಣವಾಗಿ ಬಂದುದಲ್ಲ, ಕಲಿತು ಬಂದುದು ಎಂದು ಪೌಲನು ಹೇಳುವಾಗ ಎರಡು ಪದಗಳನ್ನು ಬಳಸುತ್ತಾನೆ. ಮೊದಲನೆಯದು ಶಿಷ್ಯನ ಅಭ್ಯಾಸವನ್ನು ಹೇಳುವುದು. ಎರಡನೆಯದು ಗ್ರೀಕರ ರಹಸ್ಯಪಂಥಗಳಲ್ಲಿ ದೀಕ್ಷೆಯನ್ನು ಪಡೆಯುವುದಕ್ಕೆ ಹೇಳುವ ಮಾತು. ಹಸಿವು ಅವನಿಗೆ ದೀಕ್ಷೆಯಾಯಿತು, ಸಮೃದ್ಧಿಯೂ ದೀಕ್ಷೆಯಾಯಿತು. ಬಡತನದಲ್ಲಿ ಕುಗ್ಗದಿರುವುದನ್ನು ಮಾತ್ರವಲ್ಲದೆ, ಸಿರಿಯಲ್ಲಿ ಉಬ್ಬದಿರುವುದನ್ನೂ ಕಲಿಯಬೇಕೆಂಬುದನ್ನು ಅವನು ಮರೆಯಲಿಲ್ಲ. ಈ ಕಲಿಕೆಯ ದಿನಚರಿಯು ಅದೇ ಅಧ್ಯಾಯದಲ್ಲಿ ಮೊದಲೇ ಸೂಚಿತವಾಗಿದೆ: ಎಲ್ಲರೊಡನೆ ಸೈರಣೆ, ಚಿಂತೆಗೆ ಬದಲಾಗಿ ಕೃತಜ್ಞತೆಯೊಡಗೂಡಿದ ಪ್ರಾರ್ಥನೆ, ಸತ್ಯವಾದುದರಲ್ಲಿಯೂ ಮಾನ್ಯವಾದುದರಲ್ಲಿಯೂ ಮನಸ್ಸನ್ನಿಡುವುದು, ಕಲಿತುದನ್ನು ನಡೆಸುವುದು (೪: ೫-೯). ಹಾಗೆ ಮಾಡುವವರ ಹೃದಯಗಳನ್ನು ದೇವಶಾಂತಿಯು ಕಾಯುವುದೆಂಬಲ್ಲಿ ಪಹರೆಯ ಸೈನಿಕರಿಗೆ ಸಲ್ಲುವ ಪದವಿದೆ. ಕಾವಲಿನಲ್ಲಿದ್ದವನು, ಹಳೆಯ ಸೈನಿಕರ ಊರಿಗೆ ಬರೆಯುವಾಗ, ಬೇರೊಂದು ಕಾವಲನ್ನು ನೆನಪಿಗೆ ತರುತ್ತಾನೆ.

ಈ ಬೆಳವಣಿಗೆಯಲ್ಲಿ ಪುರುಷಪ್ರಯತ್ನವೆಷ್ಟು, ದೈವಕೃಪೆಯೆಷ್ಟು ಎಂಬ ಪ್ರಶ್ನೆಯೂ ಏಳುತ್ತದೆ. ನಿಮ್ಮ ರಕ್ಷಣೆಯನ್ನು ಭಯಭಕ್ತಿಯಿಂದ ಸಾಧಿಸಿಕೊಳ್ಳಿರೆಂದು ವಿಧಿಸಿದವನೇ, ಇಚ್ಛೆಯನ್ನೂ ಕ್ರಿಯೆಯನ್ನೂ ನಿಮ್ಮಲ್ಲಿ ಉಂಟುಮಾಡುವಾತನು ದೇವರೆಂದು ಕಾರಣವನ್ನು ಕೊಡುತ್ತಾನೆ (೨: ೧೨-೧೩). ಐದನೆಯ ಶತಮಾನದಲ್ಲಿ ಪೆಲಾಗಿಯನ ಮತವನ್ನು ಖಂಡಿಸುವಾಗ ಅಗಸ್ಟೀನನು ಮತ್ತೆ ಮತ್ತೆ ಆಶ್ರಯಿಸಿದ ವಚನಗಳಲ್ಲಿ ಇದೊಂದು. ಪೌಲನಿಗೆ ಮಾತ್ರ ಇವೆರಡೂ ಪಾಲುಮಾಡಿ ಹಂಚತಕ್ಕ ವಸ್ತುಗಳಾಗಿರಲಿಲ್ಲ. ದೇವರು ಕೆಲಸಮಾಡುತ್ತಿರುವುದರಿಂದಲೇ ಮನುಷ್ಯನ ಕೆಲಸಕ್ಕೆ ಧೈರ್ಯ.

೬. ಮುಂದಿನವರ ವಿವರಣೆ

ಸಂತೋಷವನ್ನು ಆಜ್ಞಾಪಿಸಬಹುದೆ ಎಂಬ ಮೊದಲ ಪ್ರಶ್ನೆಗೆ ಸ್ಪಷ್ಟವಾದ ಉತ್ತರವನ್ನು ಕೊಟ್ಟವನು ಹದಿಮೂರನೆಯ ಶತಮಾನದ ಥಾಮಸ್ ಅಕ್ವೀನಾಸನು (೧೨೨೫-೧೨೭೪). ಅವನ ಮತದಲ್ಲಿ ಸಂತೋಷವು ಪ್ರತ್ಯೇಕವಾದ ಸದ್ಗುಣವಲ್ಲ. ದೈವಪ್ರೀತಿಯೆಂಬ ಸದ್ಗುಣದ ಕಾರ್ಯ. ಮರಕ್ಕೆ ನೀರೆರೆಯೆಂದರೆ ಹಣ್ಣನ್ನು ಬೆಳೆಯೆಂದಂತೆಯೇ ಆಗುವ ಹಾಗೆ, ಕಾರ್ಯವನ್ನು ವಿಧಿಸುವುದು ಕಾರಣವನ್ನು ವಿಧಿಸುವುದೇ ಆಗುತ್ತದೆ. ಈ ಸಂತೋಷಕ್ಕೆ ದುಃಖದ ಬೆರಕೆಯುಂಟೆ ಎಂಬುದನ್ನೂ ಅವನು ವಿಚಾರಿಸಿದ್ದಾನೆ. ದೇವರ ಪೂರ್ಣತೆಯನ್ನು ನೆನೆಯುವ ಸಂತೋಷದಲ್ಲಿ ದುಃಖವಿಲ್ಲ. ಆದರೆ ಆ ಪೂರ್ಣತೆಯಲ್ಲಿ ತನಗೂ ನೆರೆಯವನಿಗೂ ಇರುವ ಪಾಲಿಗೆ ಅಡ್ಡಿಯಾದುದನ್ನು ಕಂಡಾಗ ಈ ಲೋಕದಲ್ಲಿ ದುಃಖವು ಇದ್ದೇ ಇರುವುದೆಂಬುದು ಅವನ ನಿರ್ಣಯ. ಸಂತೋಷಕ್ಕೆ ನಿಜವಾದ ಶತ್ರು ದುಃಖವಲ್ಲ, 'ಅಕೇದಿಯ.' ಈಜಿಪ್ಟಿನ ಮರುಭೂಮಿಯ ತಪಸ್ವಿಗಳಲ್ಲಿ ಪ್ರಸಿದ್ಧನಾಗಿ ೩೯೯ರಲ್ಲಿ ತೀರಿಕೊಂಡ ಎವಾಗ್ರಿಯನು ಎಂಟು ದುಶ್ಚಿಂತೆಗಳಲ್ಲಿ ಇದನ್ನು ಎಣಿಸಿ, ದುಃಖವನ್ನು ಬೇರೆಯಾಗಿಯೇ ಹೇಳಿದ್ದನು. ಒಳ್ಳೆಯದನ್ನು ಕಂಡೂ ಅದರ ಭಾರಕ್ಕೆ ಬೇಸತ್ತು ಮುಖತಿರುಗಿಸುವ ಜಡತ್ವವೇ ಅಕೇದಿಯ. ಅಳುವವನು ಪ್ರೀತಿಸುತ್ತಿರಬಹುದು; ಜಡನಾದವನಲ್ಲಿ ಪ್ರೀತಿಯೇ ಬತ್ತುತ್ತ ಬಂದಿದೆ.

ಸಭೆಯ ಪೂಜಾಕ್ರಮದಲ್ಲಿಯೂ ಈ ಪತ್ರಿಕೆಯ ಗುರುತು ಉಳಿದಿದೆ. ಕ್ರಿಸ್ತಜಯಂತಿಗೆ ಮುಂಚಿನ ಆಗಮನಕಾಲವು ಪಾಶ್ಚಾತ್ಯ ಸಭೆಗಳಲ್ಲಿ ಪಶ್ಚಾತ್ತಾಪದ ಕಾಲ. ಗುರುಗಳ ಉಡುಪು ನೇರಳೆ ಬಣ್ಣದ್ದು. ಅದರ ಮೂರನೆಯ ಭಾನುವಾರದಲ್ಲಿ ಮಾತ್ರ ನಾಲ್ಕನೆಯ ಅಧ್ಯಾಯದ ಸಂತೋಷವಿಧಿಯಿಂದ ಪೂಜೆಯು ಆರಂಭವಾಗುತ್ತದೆ. ಉಡುಪಿಗೂ ಗುಲಾಬಿ ಬಣ್ಣವು ಬರುತ್ತದೆ. ಲತೀನ್ ಭಾಷೆಯ ಆ ಮೊದಲ ಪದದಿಂದಲೇ ದಿನಕ್ಕೆ 'ಗೌದೇತೆ' ಎಂದು ಹೆಸರು. ಕಾಯುವ ಕಾಲವು ಮುಗಿಯುವ ಮೊದಲೇ, ಕಾಯುತ್ತಿರುವಾಗಲೇ ಸಂತೋಷಿಸಬೇಕೆಂಬುದು ಅದರ ಇಂಗಿತ.

ಕನ್ನಡನಾಡಿಗೂ ಈ ಪರಂಪರೆಗೂ ಒಂದು ನಂಟುಂಟು. ಜರ್ಮನಿಯ ವ್ಯುರ್ಟೆಂಬೆರ್ಗ್ ಸೀಮೆಯ ಯೋಹಾನ್ ಆಲ್ಬ್ರೆಖ್ತ್ ಬೆಂಗೆಲನು (೧೬೮೭-೧೭೫೨) ೧೭೪೨ರಲ್ಲಿ ಪ್ರಕಟಿಸಿದ ತನ್ನ ಹೊಸ ಒಡಂಬಡಿಕೆಯ ವ್ಯಾಖ್ಯಾನದಲ್ಲಿ, ಬರೆದವನು ತಾನು ಸಂತೋಷಿಸಿ ಓದುವವರನ್ನೂ ಸಂತೋಷಕ್ಕೆ ಕರೆಯುವುದೇ ಈ ಇಡೀ ಪತ್ರಿಕೆಯ ಸಾರವೆಂದು ಸಂಗ್ರಹಿಸಿದನು. ಅವನಿಂದ ಬೆಳೆದ ಭಕ್ತಿಪಂಥದ ಮನೆತನಗಳಿಂದಲೇ ೧೮೧೫ರಲ್ಲಿ ಸ್ಥಾಪಿತವಾದ ಬಾಸೆಲ್ ಮಿಶನ್ನಿಗೆ ಬಹುಮಂದಿ ಬಂದರು. ಆ ಮಿಶನ್ನಿನವರು ೧೮೩೪ರಲ್ಲಿ ಮಂಗಳೂರಿಗೆ ಬಂದು, ಕನ್ನಡದ ಮುದ್ರಣಕ್ಕೂ ನಿಘಂಟಿಗೂ ಬೈಬಲಿನ ಪರಿಷ್ಕರಣಕ್ಕೂ ಮಾಡಿದ ಸೇವೆಯು ಸರ್ವವಿದಿತ. ಅವರಿಗಿಂತ ಮುಂಚೆಯೇ ಬಳ್ಳಾರಿಯಲ್ಲಿ ಲಂಡನ್ ಮಿಶನ್ನಿನ ಜಾನ್ ಹ್ಯಾಂಡ್ಸನು ಬೈಬಲನ್ನು ಕನ್ನಡಕ್ಕೆ ತರುವ ಕೆಲಸದಲ್ಲಿ ತೊಡಗಿದ್ದನು. ೧೮೩೧ರಲ್ಲಿ ಅದು ಸಮಗ್ರವಾಯಿತು. ಹೀಗೆ ಸೆರೆಯಿಂದ ಹೊರಟ ಓಲೆಯು ಕನ್ನಡಿಗರ ಕೈಸೇರಿತು.

೭. ಒಂದು ಆಕ್ಷೇಪ

ಇಷ್ಟನ್ನು ಹೇಳಿದ ಮೇಲೂ ಮೂರನೆಯ ಪ್ರಶ್ನೆಯು ಉಳಿದಿದೆ. ಸಂತೋಷವು ನಂಬಿಕೆಯ ಫಲವಾದರೆ, ಸಂತೋಷವಿಲ್ಲದವನಿಗೆ ನಂಬಿಕೆಯಿಲ್ಲವೆಂದು ಹೇಳಬೇಕಾಗುವುದಲ್ಲವೆ? ಈ ಅನುಮಾನವು ಅನೇಕ ಭಕ್ತರ ಮನಸ್ಸನ್ನು ನೋಯಿಸಿದೆ. ಇಂಗ್ಲೆಂಡಿನ ಕವಿ ವಿಲಿಯಂ ಕೂಪರನು (೧೭೩೧-೧೮೦೦) ಅದಕ್ಕೆ ಉದಾಹರಣೆ. ಮಿತ್ರನಾದ ಜಾನ್ ನ್ಯೂಟನನೊಡನೆ ಅವನು ರಚಿಸಿದ ಗೀತೆಗಳು ೧೭೭೯ರಲ್ಲಿ ಓಲ್ನಿ ಊರಿನ ಹೆಸರಿನಿಂದ ಪ್ರಕಟವಾಗಿ, ಅಸಂಖ್ಯಾತ ಜನರಿಗೆ ಸಮಾಧಾನವನ್ನು ತಂದವು. ಆದರೆ ೧೭೭೩ರಲ್ಲಿ ಚಿತ್ತರೋಗವು ಮರಳಿ 
ಬಂದಂದಿನಿಂದ, ದೇವರು ತನ್ನನ್ನು ಕೈಬಿಟ್ಟಿರುವನೆಂಬ ನಂಬಿಕೆಯು ಅವನನ್ನು ಬಿಡಲಿಲ್ಲ. ಇತರರಿಗೆ ಹಂಚಿದ ಅನ್ನದಲ್ಲಿ ಅವನಿಗೆ ಮಾತ್ರ ತುತ್ತು ದೊರೆಯಲಿಲ್ಲ. ಅಂಥವನಿಗೆ ಸಂತೋಷಿಸೆಂದು ವಿಧಿಸುವುದು ಮುರಿದ ಕಾಲಿನವನಿಗೆ ಓಡೆಂದು ಹೇಳಿದಂತಾಗುವುದು.

ಪತ್ರಿಕೆಯನ್ನು ಮತ್ತೊಮ್ಮೆ ನೋಡಿದರೆ ಈ ಆಕ್ಷೇಪಕ್ಕೆ ಸಮಾಧಾನವು ಅಲ್ಲಿಯೇ ಇದೆ. ಸಂತೋಷಿಸಿರೆಂಬ ವಿಧಿಯು ಗ್ರೀಕ್ ಮೂಲದಲ್ಲಿ ಬಹುವಚನದಲ್ಲಿದೆ. ಅದು ಒಬ್ಬೊಂಟಿಗನಿಗೆ ಹೇಳಿದುದಲ್ಲ, ಸಭೆಗೆ ಹೇಳಿದುದು. ಎಪಫ್ರೊದೀತನು ರೋಗದಿಂದಲೂ ಊರಿನ ಹಂಬಲದಿಂದಲೂ ಮನಗುಂದಿದ್ದನು (೨: ೨೬). ಪೌಲನು ಅವನಿಗೆ ಸಂತೋಷವನ್ನು ಬೋಧಿಸಲಿಲ್ಲ. ಅವನನ್ನು ಊರಿಗೆ ಕಳುಹಿಸಿಕೊಟ್ಟು, ಪೂರ್ಣಸಂತೋಷದಿಂದ ಇವನನ್ನು ಬರಮಾಡಿಕೊಳ್ಳಿರಿ, ಇಂಥವರನ್ನು ಸನ್ಮಾನಿಸಿರಿ ಎಂದು ಊರವರಿಗೆ ಬರೆದನು (೨: ೨೯). ಕುಗ್ಗಿದವನ ಪಾಲಿನ ಸಂತೋಷವನ್ನು ಉಳಿದವರು ಹೊರಬೇಕು; ಅವನಿಗೆ ಶಕ್ತಿ ಬಂದಾಗ ಅವನು ಅದನ್ನು ಕೈಗೆ ತೆಗೆದುಕೊಳ್ಳುವನು. ೧೭೭೩ರಲ್ಲಿ ಕೂಪರನು ವಿಹ್ವಲನಾಗಿ ಬಂದಾಗ ನ್ಯೂಟನನು ಒಂದು ವರ್ಷಕ್ಕೂ ಮೇಲ್ಪಟ್ಟು ಅವನನ್ನು ತನ್ನ ಮನೆಯಲ್ಲಿಯೇ ಇರಿಸಿಕೊಂಡು ಉಪಚರಿಸಿದನು. ಫಿಲಿಪ್ಪಿಯ ಪತ್ರಿಕೆಗೆ ಇದಕ್ಕಿಂತ ಒಳ್ಳೆಯ ವ್ಯಾಖ್ಯಾನವು ಅಪರೂಪ.

ಈ ವಿಚಾರದಿಂದ ಫಲಿತವಾಗುವ ಸಿದ್ಧಾಂತವನ್ನು ಹೀಗೆ ಸಂಗ್ರಹಿಸಬಹುದು. ಕ್ರೈಸ್ತಜೀವನದ ಸಂತೋಷವು ಅನುಕೂಲ ಸ್ಥಿತಿಯ ಫಲವಲ್ಲ. ಹಾಗಿದ್ದಲ್ಲಿ ಸೆರೆಯಿಂದ ಅದು ಹೊರಡುತ್ತಿರಲಿಲ್ಲ. ದುಃಖದ ಅಭಾವವೂ ಅಲ್ಲ. ಹಾಗಿದ್ದಲ್ಲಿ ಪೌಲನು ಅಳುತ್ತ ಬರೆಯುತ್ತಿರಲಿಲ್ಲ. ಅದು ಕೃಪೆಯನ್ನು ಪಡೆದವರು ಪರಸ್ಪರ ಪಾಲುಗಾರರಾಗಿ, ತಮ್ಮನ್ನು ತಗ್ಗಿಸಿಕೊಂಡು, ಮುಂದಕ್ಕೆ ನಡೆಯುತ್ತಿರುವಾಗ ಅವರ ನಡುವೆ ಹುಟ್ಟುವ ವಸ್ತು. ಆದಕಾರಣ ಅದನ್ನು ನೇರವಾಗಿ ಹುಡುಕಿದವನಿಗೆ ಅದು ಸಿಕ್ಕುವುದು ವಿರಳ; ನೆರೆಯವನ ಭಾರವನ್ನು ಹೊರಲು ಹೊರಟವನಿಗೆ ಹಾದಿಯಲ್ಲಿ ಸಿಕ್ಕುವುದುಂಟು.